ಕೇಳದೆ ಕೊಟ್ಟ ಮಾತ್ರೆ

ಸ್ಕಿಜೋಫ್ರೇನಿಯಾಕ್ಕೆ ಕೊಡುವ ರಿಸ್ಪೆರಿಡೋನ್ ಮಾತ್ರೆಯಾಗಿಯೂ ಸಿಗುತ್ತದೆ, ದ್ರವವಾಗಿಯೂ ಸಿಗುತ್ತದೆ. ದ್ರವವನ್ನು ಯಾವುದರಲ್ಲಿ ಬೆರೆಸಬಹುದು ಎಂಬುದಕ್ಕೆ ತಯಾರಕರ ಸೂಚನೆ ಇದೆ. ನೀರು ಆಗುತ್ತದೆ, ಕಾಫಿ ಆಗುತ್ತದೆ, ಕಿತ್ತಳೆ ರಸ ಆಗುತ್ತದೆ, ಕೊಬ್ಬು ಕಡಿಮೆಯಿರುವ ಹಾಲೂ ಆಗುತ್ತದೆ. ಟೀ ಮತ್ತು ಕೋಲಾ ಕೂಡದು. ತಾನು ಕುಡಿಯುತ್ತಿರುವುದು ಏನೆಂದು ಬಲ್ಲ ರೋಗಿಗಾಗಿ ಬರೆದ ಸೂಚನೆ ಇದು. ಆದರೆ ದೇಶದ ಎಷ್ಟೋ ಮನೆಗಳಲ್ಲಿ ಈ ಔಷಧಿ ರೋಗಿಯ ಹೊಟ್ಟೆ ಸೇರುವುದು ಅವನಿಗೆ ಗೊತ್ತಿಲ್ಲದ ಹಾಗೆ. ಮಾತ್ರೆಯಾದರೆ ಪುಡಿ ಮಾಡಿ ಸಾರಿಗೆ, ದ್ರವವಾದರೆ ಬೆಳಗಿನ ಲೋಟಕ್ಕೆ.

ಇದು ಅಪರೂಪದ ಸಂಗತಿಯಲ್ಲ. ಔಷಧಿ ಒಲ್ಲೆನ್ನುವ ರೋಗಿಗಳನ್ನು ಮನೆಯವರು ಹೇಗೆ ನಿಭಾಯಿಸುತ್ತಾರೆ ಎಂದು ಚೆನ್ನೈನ ಟಿ.ಎನ್. ಶ್ರೀನಿವಾಸನ್ ಮತ್ತು ಆರ್. ತಾರಾ 2002ರಲ್ಲಿ ಬರೆದ ಪ್ರಬಂಧದಲ್ಲಿ ಊಟದಲ್ಲಿ ಬಚ್ಚಿಟ್ಟು ಕೊಡುವ ಪದ್ಧತಿ ಎದ್ದು ಕಾಣುತ್ತದೆ. ಹತ್ತು ವರ್ಷದ ನಂತರ ಲುಧಿಯಾನದ ಮನೋವೈದ್ಯ ಅನಿರುದ್ಧ ಕಾಲಾ ಭಾರತೀಯ ಮನೋವೈದ್ಯರ ಪತ್ರಿಕೆಯಲ್ಲಿ ಇನ್ನೂ ನೇರವಾಗಿ ಬರೆದರು: ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿ ಬಿಡದ ಈ ವಿಷಯವನ್ನು ಬಹಿರಂಗವಾಗಿ ಚರ್ಚಿಸಬೇಕು, ಬೇರೆ ದಾರಿಯೇ ಇಲ್ಲದಾಗ ಮಾತ್ರ ಬಳಸಬೇಕು ಎಂಬುದು ಅವರ ವಾದ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು. ರೋಗಿಯ ಒಪ್ಪಿಗೆಯನ್ನು ಕೇಂದ್ರದಲ್ಲಿಟ್ಟ ಆ ಕಾಯ್ದೆಯಲ್ಲಿ ಗುಟ್ಟಾಗಿ ಕೊಡುವ ಮಾತ್ರೆಗೆ ಜಾಗವಿಲ್ಲ. ಹಾಗೆಂದು ಅಡುಗೆಮನೆಗಳಲ್ಲಿ ಅದು ನಿಂತಿಲ್ಲ.

ಮೂಡಿಗೆರೆ ತಾಲ್ಲೂಕಿನ ದೇವರಮನೆಯ ಆಸುಪಾಸಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಕಾಲಭೈರವೇಶ್ವರನ ಗುಡಿಯ ಸುತ್ತಲಿನ ಹುಲ್ಲುಗುಡ್ಡಗಳಲ್ಲಿ ಮಳೆಗಾಲದ ಭಾನುವಾರಗಳಂದು ಪ್ರವಾಸಿಗರ ಕಾರುಗಳು ಸಾಲುಗಟ್ಟುತ್ತವೆ. ಅಲ್ಲಿಂದ ಇಳಿದರೆ ಕಾಫಿ ತೋಟಗಳು, ಒಂದು ಮನೆಗೂ ಇನ್ನೊಂದಕ್ಕೂ ಕೂಗಳತೆಗಿಂತ ಹೆಚ್ಚಿನ ಅಂತರ. ಮನೆಯ ಮಗನಿಗೆ ಇಪ್ಪತ್ತಾರು ವರ್ಷ. ಒಂದು ವರ್ಷದಿಂದ ಯಾರೋ ಅವನ ಬಗ್ಗೆ ಮಾತಾಡಿಕೊಳ್ಳುವುದು ಅವನಿಗೆ ಕೇಳಿಸುತ್ತದೆ. ಪಕ್ಕದ ತೋಟದವರು ತನ್ನನ್ನು ಮುಗಿಸಲು ಹೊಂಚು ಹಾಕಿದ್ದಾರೆ ಎನ್ನುತ್ತಾನೆ. ಸ್ನಾನ ಬಿಟ್ಟಿದ್ದಾನೆ, ರಾತ್ರಿ ನಿದ್ದೆಯಿಲ್ಲ, ತಂಗಿ ಬಡಿಸಿದ ತಟ್ಟೆಯನ್ನು ಮೂಸಿ ನೋಡುತ್ತಾನೆ. ಆಸ್ಪತ್ರೆಗೆ ಬಾ ಎಂದರೆ ‘ನಂಗೇನಾಗಿದೆ, ನೀವೇ ಹೋಗಿ ತೋರಿಸ್ಕೊಳ್ಳಿ’ ಎಂಬ ಉತ್ತರ. ಕೊನೆಗೆ ಅಪ್ಪ ಒಬ್ಬನೇ ಬಸ್ಸು ಹತ್ತಿ ಪೇಟೆಗೆ ಹೋಗಿ, ಮಗನ ಕಥೆಯನ್ನು ವೈದ್ಯರಿಗೆ ಹೇಳಿ, ಮಾತ್ರೆ ತರುತ್ತಾನೆ. ಕೊಡುವ ಕೆಲಸ ಅಮ್ಮನದು.

ಇಲ್ಲಿ ಯಾರನ್ನು ತಪ್ಪಿತಸ್ಥರೆನ್ನುವುದು? ಅಮ್ಮ ಮಗನನ್ನು ಉಳಿಸಿಕೊಳ್ಳಲು ಹೆಣಗುತ್ತಿದ್ದಾಳೆ. ವೈದ್ಯರು ನೋಡದ ರೋಗಿಗೆ ಔಷಧಿ ಬರೆದಿದ್ದಾರೆ. ಬರೆಯದೆ ಕಳಿಸಿದ್ದರೆ ಆ ಹುಡುಗ ಇನ್ನೊಂದು ವರ್ಷ ಹಾಗೇ ಒದ್ದಾಡುತ್ತಿದ್ದ ಎಂಬುದೂ ಅವರಿಗೆ ಗೊತ್ತಿದೆ. ಔಷಧಿ ಕೆಲಸ ಮಾಡಲೂಬಹುದು. ಕೆಲವು ವಾರಗಳಲ್ಲಿ ಧ್ವನಿಗಳು ಕ್ಷೀಣಿಸಿ, ಹುಡುಗ ನಿದ್ದೆ ಮಾಡಿ, ತೋಟಕ್ಕೆ ಇಳಿಯಲೂಬಹುದು.

ತೊಂದರೆ ಶುರುವಾಗುವುದು ಆಗಲೇ. ಕಾಫಿ ಕುಯ್ಲು ಮುಗಿದ ಮೇಲೆ ಮೆಣಸಿನ ಕೊಯ್ಲು. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಯಿಂದ ಮೆಣಸು ಬಿಡಿಸಲು ಏಣಿ ಒರಗಿಸಿಕೊಂಡು ಮೂರಾಳೆತ್ತರ ಹತ್ತಬೇಕು, ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಕಿತ್ತು ಚೀಲಕ್ಕೆ ತುಂಬಬೇಕು. ಈ ಔಷಧಿಗಳು ಮಂಪರು ತರುತ್ತವೆ, ಕೆಲವರಿಗೆ ಕೈ ನಡುಗಿಸುತ್ತವೆ, ಸ್ನಾಯುಗಳನ್ನು ಬಿಗಿಯುತ್ತವೆ, ಎದ್ದ ಕೂಡಲೇ ತಲೆ ಸುತ್ತಿಸುತ್ತವೆ. ಗೊತ್ತಿದ್ದು ಮಾತ್ರೆ ತೆಗೆದುಕೊಳ್ಳುವವನು ‘ಇವತ್ತು ಏಣಿ ಬೇಡ, ಕೆಳಗೆ ಒಣಗಿಸುವ ಕೆಲಸ ಕೊಡಿ’ ಎನ್ನಬಲ್ಲ. ಗೊತ್ತಿಲ್ಲದವನು ಹತ್ತುತ್ತಾನೆ. ತನ್ನ ಕೈ ಯಾಕೆ ಮರಗಟ್ಟುತ್ತಿದೆ ಎಂದು ಅವನಿಗೆ ತಿಳಿಯದು. ಯಾರೋ ಮಾಟ ಮಾಡಿಸಿದ್ದಾರೆ ಎಂಬ ಅನುಮಾನಕ್ಕೆ ಅದೇ ಸಾಕ್ಷಿಯಾಗುತ್ತದೆ. ಮಾತ್ರೆಯನ್ನು ಮುಚ್ಚಿಟ್ಟವರು ಅದರ ಅಡ್ಡಪರಿಣಾಮವನ್ನೂ ಅವನಿಂದ ಮುಚ್ಚಿಟ್ಟ ಹಾಗಾಯಿತು.

ಇನ್ನೂ ಭಯಂಕರವಾದದ್ದು ಮುಂದಿದೆ. ಒಂದಲ್ಲ ಒಂದು ದಿನ ಅವನು ಅಡುಗೆಮನೆಯ ಡಬ್ಬದ ಹಿಂದೆ ಆ ಚೀಟಿಯನ್ನೋ ಬಾಟಲಿಯನ್ನೋ ನೋಡುತ್ತಾನೆ. ‘ನನ್ನ ಊಟಕ್ಕೆ ಏನೋ ಬೆರೆಸುತ್ತಿದ್ದಾರೆ’ ಎಂದು ಅವನು ಹೇಳುತ್ತಿದ್ದಾಗ ಎಲ್ಲರೂ ಅದನ್ನು ಭ್ರಮೆ ಎಂದಿದ್ದರು. ಈಗ ಅದು ನಿಜ. ಆ ಮನೆಯಲ್ಲಿ ಅವನು ನಂಬಿ ಉಣ್ಣಬಹುದಾಗಿದ್ದ ಒಂದೇ ಕೈ ಅಮ್ಮನದು, ಅದೂ ಹೋಯಿತು. ಮಾತ್ರೆಯ ಬಗ್ಗೆ, ವೈದ್ಯರ ಬಗ್ಗೆ ಅವನಲ್ಲಿ ಮತ್ತೆ ನಂಬಿಕೆ ಹುಟ್ಟಿಸುವುದು ಎಷ್ಟು ಕಷ್ಟವೆಂದು ಈ ರೋಗಿಗಳ ಮನೆಯವರನ್ನು ಕೇಳಬೇಕು.

ಹಾಗೆಂದು ಗುಟ್ಟಿನ ಮಾತ್ರೆಯನ್ನು ಪೂರ್ತಿ ನಿಷೇಧಿಸಿ ಎಂದು ದೂರದಲ್ಲಿ ಕೂತು ಹೇಳುವುದು ಸುಲಭವಾದರೂ ನ್ಯಾಯವಲ್ಲ. ಜೀವಕ್ಕೆ ಅಪಾಯವಿರುವ ಕೆಲವು ದಿನಗಳಲ್ಲಿ ಅದು ಹಗ್ಗಕ್ಕಿಂತ, ಹೊಡೆತಕ್ಕಿಂತ ಮೃದುವಾದ ಬಲವಂತ. ಆದರೆ ಅದಕ್ಕೊಂದು ಕೊನೆಯ ದಿನಾಂಕ ಇರಬೇಕು. ರೋಗಿ ಸ್ವಲ್ಪ ಚೇತರಿಸಿಕೊಂಡ ಕೂಡಲೇ ಎದುರು ಕೂರಿಸಿಕೊಂಡು, ಹೀಗೆ ಮಾಡಿದೆವು, ಈ ಕಾರಣಕ್ಕೆ ಮಾಡಿದೆವು ಎಂದು ಹೇಳಬೇಕು. ಆ ಮಾತನ್ನು ಅಪ್ಪ ಅಮ್ಮನ ಹೆಗಲಿಗೆ ಬಿಡದೆ ವೈದ್ಯರೇ ಆಡಬೇಕು. ವರ್ಷಗಟ್ಟಲೆ ಎಗ್ಗಿಲ್ಲದೆ ಮುಂದುವರಿದರೆ ಅದನ್ನು ಚಿಕಿತ್ಸೆ ಎನ್ನಲಾಗದು.

ಸ್ಕಿಜೋಫ್ರೇನಿಯಾದ ನೈತಿಕ ಗೋಜಲು ಇಷ್ಟು ಬಿಗಿಯಾಗಲು ಕಾರಣ ಕಾಯಿಲೆಯ ಸ್ವಭಾವದಲ್ಲೇ ಇದೆ. ಕಾಲು ಮುರಿದವನಿಗೆ ಕಾಲು ಮುರಿದದ್ದು ಗೊತ್ತಿರುತ್ತದೆ. ಇಲ್ಲಿ ಬಹುಮಂದಿಗೆ, ಕಾಯಿಲೆ ಉಲ್ಬಣಿಸಿದಾಗ, ತಮಗೆ ಕಾಯಿಲೆ ಇದೆ ಎಂಬ ಅರಿವೇ ಇರುವುದಿಲ್ಲ. ಕೇಳಿಸುವ ಧ್ವನಿ ಅವರಿಗೆ ಪಕ್ಕದಲ್ಲಿ ನಿಂತವರ ಧ್ವನಿಯಷ್ಟೇ ನಿಜ. ಹಾಗಾದರೆ ಅವರ ‘ಬೇಡ’ವನ್ನು ಎಷ್ಟು ಗೌರವಿಸಬೇಕು? ಕಾಯ್ದೆಯ 4ನೇ ಸೆಕ್ಷನ್ ಇದಕ್ಕೆ ಒಂದು ಅಳತೆ ಕೊಟ್ಟಿದೆ. ರೋಗದ ಹೆಸರು ಏನೆಂಬುದು ಮುಖ್ಯವಲ್ಲ. ವಿಷಯವನ್ನು ಅರ್ಥ ಮಾಡಿಕೊಳ್ಳಬಲ್ಲನೇ, ಒಪ್ಪಿದರೆ ಒಲ್ಲೆನೆಂದರೆ ಏನಾಗುತ್ತದೆ ಎಂದು ಊಹಿಸಬಲ್ಲನೇ, ತನ್ನ ನಿರ್ಧಾರವನ್ನು ಮಾತಿನಲ್ಲೋ ಸನ್ನೆಯಲ್ಲೋ ತಿಳಿಸಬಲ್ಲನೇ ಎಂದು ನೋಡಬೇಕು. ನಿರ್ಧಾರ ನಮಗೆ ತಪ್ಪಾಗಿ ಕಂಡಿತು ಎಂಬ ಒಂದೇ ಕಾರಣಕ್ಕೆ ಅವನಿಗೆ ಸಾಮರ್ಥ್ಯವಿಲ್ಲ ಎನ್ನುವಂತಿಲ್ಲ. ಸ್ಕಿಜೋಫ್ರೇನಿಯಾ ಇರುವವನಿಗೆ ತೋಟದ ಲೆಕ್ಕ ಸರಿಯಾಗಿ ಬರಬಹುದು, ಮತ ಯಾರಿಗೆ ಹಾಕಬೇಕೆಂದು ಗೊತ್ತಿರಬಹುದು, ಔಷಧಿಯ ವಿಷಯದಲ್ಲಿ ಮಾತ್ರ ದಾರಿ ತಪ್ಪಬಹುದು. ಮುಂದಿನ ತಿಂಗಳು ಅದೂ ಸರಿಹೋಗಬಹುದು.

ಆದರೆ ಅದಕ್ಕೂ ಮೊದಲಿನ ಪ್ರಶ್ನೆ, ಅದು ಸ್ಕಿಜೋಫ್ರೇನಿಯಾ ಹೌದೇ ಎಂಬುದು. ಇದನ್ನು ಪತ್ತೆ ಮಾಡುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಇರುವುದು ಮಾತು, ಮನೆಯವರು ಹೇಳುವ ಕಥೆ, ಕಾಲ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಪ್ರಕಾರ ಲಕ್ಷಣಗಳು ಒಂದು ತಿಂಗಳು ಇದ್ದರೆ ಈ ಹೆಸರು ಕೊಡಬಹುದು. ಅಮೆರಿಕದ ಮನೋವೈದ್ಯರ ಪಟ್ಟಿಯ ಪ್ರಕಾರ ಕಾಯಿಲೆಯ ಚಿಹ್ನೆಗಳು ಆರು ತಿಂಗಳು ಇರಬೇಕು. ಅಂದರೆ ಒಬ್ಬನೇ ಮನುಷ್ಯ, ಎರಡನೇ ತಿಂಗಳಲ್ಲಿ, ಒಂದು ಪುಸ್ತಕದ ಪ್ರಕಾರ ಸ್ಕಿಜೋಫ್ರೇನಿಯಾ ರೋಗಿ, ಇನ್ನೊಂದರ ಪ್ರಕಾರ ಅಲ್ಲ. 1960ರ ದಶಕದಲ್ಲಿ ನ್ಯೂಯಾರ್ಕಿನ ಆಸ್ಪತ್ರೆಗಳಲ್ಲಿ ಲಂಡನ್ನಿಗಿಂತ ಬಹಳ ಹೆಚ್ಚು ಮಂದಿಗೆ ಈ ಹೆಸರು ಅಂಟುತ್ತಿತ್ತು. ಕೂತು ಪರೀಕ್ಷಿಸಿದಾಗ ಬಹುಪಾಲು ವ್ಯತ್ಯಾಸ ಇದ್ದದ್ದು ವೈದ್ಯರ ಅಭ್ಯಾಸದಲ್ಲಿ, ರೋಗಿಗಳಲ್ಲಲ್ಲ ಎಂದು ತಿಳಿದುಬಂತು. ಸೋವಿಯತ್ ರಷ್ಯಾದಲ್ಲಂತೂ ಸರ್ಕಾರವನ್ನು ಟೀಕಿಸಿದವರಿಗೆ ‘ನಿಧಾನಗತಿಯ ಸ್ಕಿಜೋಫ್ರೇನಿಯಾ’ ಎಂಬ ಹಣೆಪಟ್ಟಿ ಹಚ್ಚಿ ಆಸ್ಪತ್ರೆಯಲ್ಲಿ ಕೂಡಿಹಾಕಿದರು. ನಮ್ಮ ಕಾಯ್ದೆಯ 3ನೇ ಸೆಕ್ಷನ್ ಈ ಇತಿಹಾಸವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಂತಿದೆ: ಒಬ್ಬನ ರಾಜಕೀಯ, ಜಾತಿ, ಧರ್ಮ, ಆರ್ಥಿಕ ಸ್ಥಿತಿ ನೋಡಿಯಾಗಲಿ, ಸಮಾಜದ ನೀತಿ ನಡವಳಿಕೆಗೆ ಹೊಂದದವನೆಂದಾಗಲಿ ಮಾನಸಿಕ ರೋಗಿ ಎನ್ನುವಂತಿಲ್ಲ. ಹಿಂದೆ ಚಿಕಿತ್ಸೆ ಪಡೆದಿದ್ದ ಎಂಬುದೊಂದೇ ಕಾರಣವಾಗುವುದಿಲ್ಲ. ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ನ್ಯಾಯಾಲಯ ಹೇಳದೆ ಯಾರೂ ‘ಬುದ್ಧಿ ಸ್ವಾಧೀನವಿಲ್ಲದವ’ ಆಗುವುದೂ ಇಲ್ಲ. ತೋಟದ ಪಾಲು ಹಂಚುವ ಹೊತ್ತಿಗೆ ಅಣ್ಣನಿಗೋ ತಂಗಿಗೋ ತಲೆ ಸರಿಯಿಲ್ಲ ಎಂಬ ಕಾಗದ ಹುಡುಕುವವರು ಇರುವ ಕಡೆ ಈ ಕೊನೆಯ ಸಾಲು ಬಹಳ ಬೆಲೆಬಾಳುತ್ತದೆ.

ಮಲೆನಾಡು, ಕರಾವಳಿಗಳಲ್ಲಿ ಪತ್ತೆಯ ಪ್ರಶ್ನೆಗೆ ಇನ್ನೊಂದು ಮುಖವಿದೆ. ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಉಡುಪಿ ಬಳಿಯ ಕೋಟದಲ್ಲಿ ಮನೆಮನೆಗೆ ಹೋಗಿ ಮಾನಸಿಕ ಕಾಯಿಲೆಗಳನ್ನು ಅಧ್ಯಯನ ಮಾಡಿ 1976ರಲ್ಲಿ ಪುಸ್ತಕ ಪ್ರಕಟಿಸಿದರು. ಜನ ತೊಂದರೆ ಬಂದಾಗ ಯಾರ ಬಳಿ ಹೋಗುತ್ತಾರೆ ಎಂದು ಕಪೂರ್ ನೋಡಿದಾಗ ಮೂರು ಬಗೆಯ ಊರ ಪರಿಹಾರಕರು ಸಿಕ್ಕರು: ಮದ್ದು ಕೊಡುವ ವೈದ್ಯ, ಯಂತ್ರ ಮಂತ್ರ ಬಲ್ಲ ಮಂತ್ರವಾದಿ, ಮೈಮೇಲೆ ದೈವ ಬರುವ ಪಾತ್ರಿ. ಜನ ಇವರ ಬಳಿಗೂ ಹೋಗುತ್ತಿದ್ದರು, ಇಂಗ್ಲಿಷ್ ಔಷಧಿ ಕೊಡುವ ಡಾಕ್ಟರ ಬಳಿಗೂ ಹೋಗುತ್ತಿದ್ದರು. ಎರಡರ ನಡುವೆ ಅವರಿಗೆ ಜಗಳವೇನೂ ಕಂಡಿರಲಿಲ್ಲ. ದೈವದ ಮಾತು ಪಾತ್ರಿಗೆ ಕೇಳಿಸುತ್ತದೆ. ಊರು ಅವನನ್ನು ಗೌರವಿಸುತ್ತದೆ, ಕೋಲ ಮುಗಿದ ಮೇಲೆ ಅವನು ಮನೆಗೆ ಹೋಗಿ ಗದ್ದೆ ಕೆಲಸ ಮಾಡುತ್ತಾನೆ. ಅವನು ರೋಗಿಯಲ್ಲ. ಒಂದು ಸಮುದಾಯ ಹಂಚಿಕೊಂಡ ನಂಬಿಕೆಯನ್ನು ಭ್ರಮೆ ಎನ್ನಬಾರದೆಂಬುದು ಮನೋವೈದ್ಯಕೀಯದ ಒಪ್ಪಿತ ನಿಯಮ. ಆದರೆ ಯಾವ ದೈವವೂ ಹೇಳದ ಮಾತು ಹಗಲೂ ರಾತ್ರಿ ಒಬ್ಬಳಿಗೇ ಕೇಳಿಸಿ, ಒಲೆ ಹಚ್ಚಲೂ ಆಗದೆ ಅವಳು ಮೂಲೆ ಸೇರಿದಾಗ ‘ಗಾಳಿ ಸೋಕಿದೆ’ ಎಂದು ಮೂರು ವರ್ಷ ಸುತ್ತಾಡಿಸುವುದೂ ಅನ್ಯಾಯ. ಈ ಎರಡರ ನಡುವಿನ ಗೆರೆಯನ್ನು ಊರು ತಿಳಿಯದ ವೈದ್ಯರು ಐದು ನಿಮಿಷದಲ್ಲಿ ಎಳೆಯಲಾರರು.

ಗೆರೆ ತಪ್ಪಲು ಬೇರೆ ಕಾರಣಗಳೂ ಇವೆ. ಕುಡಿತ ಬಿಟ್ಟ ಎರಡು ಮೂರು ದಿನಕ್ಕೆ ಗೋಡೆಯ ಮೇಲೆ ಹುಳ ಹರಿದಾಡುವುದನ್ನು ಕಾಣುವವನಿಗೆ ಬೇಕಾದ ತುರ್ತು ಚಿಕಿತ್ಸೆಯೇ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ನರಸಿಂಹರಾಜಪುರದ ಕಡೆಗೂ ಬಂದಿದೆ. ಜ್ವರ ಬಿಟ್ಟು ಮತ್ತೆ ಮರುಕಳಿಸಿದಾಗ ಅದು ಕೆಲವರಿಗೆ ನಡುಕವನ್ನೂ ಮನಸ್ಸಿನ ಗೊಂದಲವನ್ನೂ ತರುತ್ತದೆ. ಅಂಥವನಿಗೆ ಆತುರದಲ್ಲಿ ಸ್ಕಿಜೋಫ್ರೇನಿಯಾ ಎಂದು ಬರೆದುಬಿಟ್ಟರೆ ಆ ಹೆಸರು ಅವನ ಬೆನ್ನು ಬಿಡದು.

ಈಚಿನ ವರ್ಷಗಳಲ್ಲಿ ತೋಟಗಳ ಲೈನ್ ಮನೆಗಳಿಗೆ ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳದ ಕುಟುಂಬಗಳು ಬಂದಿವೆ. ಅವರಲ್ಲೊಬ್ಬ ರಾತ್ರಿಯಿಡೀ ಎದ್ದು ಕೂತು ‘ಪೊಲೀಸರು ನನ್ನನ್ನು ಹುಡುಕುತ್ತಿದ್ದಾರೆ’ ಎನ್ನುತ್ತಾನೆ ಎಂದುಕೊಳ್ಳಿ. ಅದು ಭ್ರಮೆಯೇ? ತೋಟದ ಕಾರ್ಮಿಕರ ದಾಖಲೆಗಳನ್ನು ಪೊಲೀಸರು ಪರಿಶೀಲಿಸುವುದು ಈ ಭಾಗದಲ್ಲಿ ನಿಜವಾಗಿ ನಡೆಯುವ ಸಂಗತಿ. ಆಸ್ಪತ್ರೆಗೆ ಅವನ ಜೊತೆ ಬರುವವನು ಮೇಸ್ತ್ರಿ ಅಥವಾ ರೈಟರು. ವೈದ್ಯರ ಕನ್ನಡವನ್ನು ಒಡಕು ಹಿಂದಿಗೆ ತಿರುಗಿಸಿ ಹೇಳುವವನೂ ಅವನೇ. ರೋಗಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ವಿಷಯ ತಿಳಿಸಬೇಕೆಂದು ಕಾಯ್ದೆ ಹೇಳುತ್ತದೆ, ಕಾಯಿಲೆಯ ಗುಟ್ಟು ಕಾಪಾಡಬೇಕೆಂದು 23ನೇ ಸೆಕ್ಷನ್ ಹೇಳುತ್ತದೆ. ಸಂಬಳ ಬಟವಾಡೆ ಮಾಡುವವನ ಬಾಯಿಂದಲೇ ಕಾಯಿಲೆಯ ಹೆಸರು ಕೇಳಬೇಕಾದ ಕಾರ್ಮಿಕನಿಗೆ ಈ ಎರಡೂ ಹಕ್ಕು ಸಿಗಲಿಲ್ಲ. ಮರುದಿನ ಹಾಜರಿ ಪುಸ್ತಕದಲ್ಲಿ ಅವನ ಹೆಸರು ಇರುತ್ತದೋ ಇಲ್ಲವೋ ಎಂಬುದೂ ಆ ಮಾತಿನ ಮೇಲೆ ನಿಂತಿದೆ.

ಕಾಯಿಲೆಯ ಹೆಸರು ಹೊರಬಿದ್ದರೆ ಏನಾಗುತ್ತದೆ ಎಂಬ ಭಯ ಎಲ್ಲಕ್ಕಿಂತ ಹೆಚ್ಚು ಕಾಡುವುದು ಮದುವೆಯ ಮಾತು ಬಂದಾಗ. ‘ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು’ ಎಂಬ ಗಾದೆಯ ಎರಡನೇ ಅರ್ಧವನ್ನು ನಂಬಿ ಮದುವೆ ಮಾಡಿದ ಮನೆಗಳು ಬೇಕಾದಷ್ಟಿವೆ. ಹುಡುಗಿಯ ಕಡೆಯವರು ವೈದ್ಯರ ಬಳಿ ಬಂದು ವಿಚಾರಿಸಿದರೆ ವೈದ್ಯರು ಬಾಯಿ ಬಿಡುವಂತಿಲ್ಲ. ಬಿಡದಿದ್ದರೆ ಒಬ್ಬ ಹೆಣ್ಣುಮಗಳ ಬದುಕು ಪಣಕ್ಕೆ. ಈ ಇಕ್ಕಟ್ಟಿನಲ್ಲಿ ವೈದ್ಯರು ಮಾಡಬಹುದಾದದ್ದು ರೋಗಿಯನ್ನೇ ಮನವೊಲಿಸಿ, ಅವನಿಂದಲೇ ಹೇಳಿಸುವುದು.

ಹಿಂದೂ ವಿವಾಹ ಕಾಯ್ದೆ ವಿಚ್ಛೇದನದ ಕಾರಣಗಳಲ್ಲಿ ಸ್ಕಿಜೋಫ್ರೇನಿಯಾವನ್ನು ಹೆಸರು ಹಿಡಿದು ಹೇಳುತ್ತದೆ. ಅಷ್ಟರಿಂದ ಈ ಹೆಸರಿನ ಕಾಗದವೊಂದಿದ್ದರೆ ಹೆಂಡತಿಯನ್ನು ಬಿಡಬಹುದು ಎಂದುಕೊಂಡವರಿಗೆ ಸುಪ್ರೀಂ ಕೋರ್ಟು ಎರಡು ಸಲ ದೊಡ್ಡ ತಡೆ ಹಾಕಿದೆ. ಎರಡೂ ತೀರ್ಪುಗಳನ್ನು ಬರೆದವರು ಕರ್ನಾಟಕದವರು ಎಂಬುದನ್ನು ಇಲ್ಲಿ ನೆನೆಯಬೇಕು. 1988ರಲ್ಲಿ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ, ಕಾಯಿಲೆಗೆ ಹೆಸರಿಟ್ಟ ಮಾತ್ರಕ್ಕೆ ಮದುವೆ ಮುರಿಯುವಂತಿಲ್ಲ, ಅದರ ತೀವ್ರತೆ ಎಷ್ಟು, ಜೊತೆಗೆ ಬಾಳಲು ನಿಜಕ್ಕೂ ಅಸಾಧ್ಯವೇ ಎಂದು ನೋಡಬೇಕು ಎಂದರು. 2013ರಲ್ಲಿ ನ್ಯಾಯಮೂರ್ತಿ ವಿ. ಗೋಪಾಲಗೌಡರ ಮುಂದೆ ಬಂದದ್ದು ವೈದ್ಯ ದಂಪತಿಯ ಪ್ರಕರಣ. ಹೆಂಡತಿಗೆ ಸ್ಕಿಜೋಫ್ರೇನಿಯಾ ಎಂದು ಗಂಡನ ದೂರು. ಆಕೆಯಾದರೋ ವೈದ್ಯೆಯಾಗಿ ಕೆಲಸ ಮಾಡಿಕೊಂಡಿದ್ದರು. ನ್ಯಾಯಾಲಯ ವಿಚ್ಛೇದನ ಕೊಡಲಿಲ್ಲ. ವೈದ್ಯರು ಬರೆಯುವ ಒಂದು ಪದ ಆಸ್ಪತ್ರೆಯ ಕಡತದಿಂದ ಹೊರಬಂದು ಎಷ್ಟು ದೂರ ನಡೆಯುತ್ತದೆ ಎಂಬುದಕ್ಕೆ ಈ ಕಟ್ಲೆಗಳೇ ಸಾಕ್ಷಿ.

ಇನ್ನು ಹಗ್ಗದ ಪ್ರಶ್ನೆ. ಕಳಸದಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಮೂಡಿಗೆರೆಯಿಂದ ಮಂಗಳೂರಿಗೆ ಹೋಗಲು ಚಾರ್ಮಾಡಿ ಘಾಟಿ ಇಳಿಯಬೇಕು. ಭದ್ರೆ ತುಂಬಿ ಹೆಬ್ಬಾಳೆ ಸೇತುವೆ ಮುಳುಗಿದರೆ ಕಳಸ, ಹೊರನಾಡಿನ ನಡುವೆ ಓಡಾಟವೇ ಕಷ್ಟ. ಉದ್ರಿಕ್ತನಾದ ಒಬ್ಬನನ್ನು ಇಷ್ಟು ದೂರ ಸಾಗಿಸಲು ನಾಲ್ಕು ಜನ ಬೇಕು, ಒಂದು ಜೀಪು ಬೇಕು. ಕಟ್ಟದೆ ಕರೆದೊಯ್ಯುವುದು ಹೇಗೆ ಎಂದು ಮನೆಯವರು ಕೇಳಿದರೆ ಸಿಟ್ಟಾಗುವುದು ಸಲ್ಲದು. ಸರಪಳಿ ಹಾಕುವುದನ್ನು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಸೆಕ್ಷನ್ ಯಾವ ರೀತಿಯಲ್ಲೂ ಕೂಡದೆಂದು ನಿಷೇಧಿಸಿದೆ. ಅದರ ಹಿಂದೆ ಏರ್ವಾಡಿಯ ಬೂದಿ ಇದೆ: ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಆ ದರ್ಗಾದ ಊರಿನಲ್ಲಿ, 2001ರ ಆಗಸ್ಟ್ 6ರ ನಸುಕಿನಲ್ಲಿ, ಚಪ್ಪರಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ ಸುಟ್ಟುಹೋದರು, ಸತ್ತವರು 28 ಮಂದಿ.

ಕಾಯ್ದೆ ಬಲವಂತಕ್ಕೆ ದಾರಿ ಮುಚ್ಚಿಲ್ಲ, ಕಡಿವಾಣ ಹಾಕಿದೆ. ತನಗೆ ಅಥವಾ ಬೇರೆಯವರಿಗೆ ಅಪಾಯ ತರುವ, ಅಥವಾ ತನ್ನನ್ನು ನೋಡಿಕೊಳ್ಳಲೂ ಆಗದ ಸ್ಥಿತಿಯಲ್ಲಿರುವವನನ್ನು ಇಬ್ಬರು ಪರಿಣತರು ಬೇರೆಬೇರೆಯಾಗಿ ಪರೀಕ್ಷಿಸಿ ಒಪ್ಪಿದರೆ 30 ದಿನದವರೆಗೆ ದಾಖಲಿಸಿಕೊಳ್ಳಬಹುದು, ಅದನ್ನು ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು. ತುರ್ತಿದ್ದರೆ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಯವರೆಗೆ ಚಿಕಿತ್ಸೆ ಕೊಡಬಹುದು, ಹತ್ತಿರದ ಆಸ್ಪತ್ರೆಗೆ ಸಾಗಿಸುವುದೂ ಅದರಲ್ಲಿ ಸೇರಿದೆ. ಈ 72 ಗಂಟೆಯ ಅವಕಾಶ ತಾಲ್ಲೂಕು ಆಸ್ಪತ್ರೆಯ ಸಾಮಾನ್ಯ ವೈದ್ಯರಿಗೂ ಇದೆ ಎಂಬುದು ಮಲೆನಾಡಿಗೆ ಬಹಳ ಮುಖ್ಯ. ಮೊದಲ ಚುಚ್ಚುಮದ್ದು ಮೂಡಿಗೆರೆಯಲ್ಲೇ ಸಿಕ್ಕಿದರೆ ಘಾಟಿಯ ದಾರಿಗೆ ಹಗ್ಗ ಬೇಕಾಗುವುದಿಲ್ಲ.

ಗುಡಿಗಳ ಬಗ್ಗೆಯೂ ಒಂದು ಮಾತು. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ಗುಡಿಯೊಂದಕ್ಕೆ ಬಂದು ತಂಗಿದ್ದ 31 ರೋಗಿಗಳನ್ನು ಗಮನಿಸಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಮಾಡಿದರು. ಬಹುಪಾಲು ಮಂದಿಗೆ ತೀವ್ರ ಮನೋರೋಗವಿತ್ತು. ಗುಡಿಯಲ್ಲಿ ಔಷಧಿ ಇಲ್ಲ, ವಿಶೇಷ ಪೂಜೆಯೂ ಇಲ್ಲ. ಮನೆಯವರೊಬ್ಬರ ಜೊತೆ ಇದ್ದುಕೊಂಡು ಸಣ್ಣಪುಟ್ಟ ಕೆಲಸ ಮಾಡುವುದಷ್ಟೇ. ಸುಮಾರು ಆರು ವಾರಗಳಲ್ಲಿ ಲಕ್ಷಣಗಳು ಶೇ 20ರಷ್ಟು ಕಡಿಮೆಯಾಗಿದ್ದವು. ಇದು ಪೂರ್ತಿ ಗುಣವಲ್ಲ. ಯಾರೂ ಹೀಗಳೆಯದ, ಹೊಡೆಯದ, ಹೊರದಬ್ಬದ ಜಾಗ ಎಷ್ಟು ಮಾಡಬಲ್ಲದು ಎಂಬುದಕ್ಕೆ ಅಳತೆ. ಹರಕೆ ಹೊತ್ತವರನ್ನು ಮೂಢರೆಂದು ಬೈದು ಕಳಿಸುವ ವೈದ್ಯರು ಕಳೆದುಕೊಳ್ಳುವುದು ರೋಗಿಯನ್ನು.

ಈ ಎಲ್ಲ ಇಕ್ಕಟ್ಟುಗಳಿಗೆ ಮಲೆನಾಡಿನಲ್ಲೇ ಒಂದು ಉತ್ತರ ಸಿಕ್ಕಿದೆ, ಅದೂ ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲಿ. ಬಿ.ಎನ್. ಗಂಗಾಧರ್, ಜಗದೀಶ ತೀರ್ಥಹಳ್ಳಿ, ಕೆ.ವಿ. ಕಿಶೋರ್ ಕುಮಾರ್ ಮುಂತಾದ ನಿಮ್ಹಾನ್ಸ್ ವೈದ್ಯರು 2005ರ ಸುಮಾರಿಗೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಕೆಲಸ ಶುರು ಮಾಡಿದರು. ಇಡೀ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕುವುದು, ಅಲ್ಲೇ ಚಿಕಿತ್ಸೆ ಕೊಡುವುದು, ವರ್ಷಗಟ್ಟಲೆ ಬೆನ್ನುಹತ್ತುವುದು ಗುರಿ. ಹುಡುಕಿದವರು ಊರಲ್ಲೇ ಓಡಾಡಿಕೊಂಡಿದ್ದ ಸಾಮಾಜಿಕ ಕಾರ್ಯಕರ್ತರು. ಸಿಕ್ಕವರಲ್ಲಿ ಎಂದೂ ಒಂದು ಮಾತ್ರೆ ಕಾಣದವರೂ ಇದ್ದರು. ಚಿಕಿತ್ಸೆ ಪಡೆದವರ ಅಸಾಮರ್ಥ್ಯ ಒಂದು ವರ್ಷದಲ್ಲಿ ಗಣನೀಯವಾಗಿ ಇಳಿಯಿತು, ಪಡೆಯದವರದು ಇದ್ದಲ್ಲೇ ಇತ್ತು ಎಂದು 2009ರಲ್ಲಿ ಅವರು ಪ್ರಕಟಿಸಿದರು. ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 2015–16ರಲ್ಲಿ ಕಂಡ ಹಾಗೆ ದೇಶದಲ್ಲಿ ತೀವ್ರ ಮನೋರೋಗವಿರುವ ನಾಲ್ವರಲ್ಲಿ ಸುಮಾರು ಮೂವರು ಚಿಕಿತ್ಸೆಯ ಹೊರಗಿದ್ದರು ಎಂಬುದನ್ನು ಇದರ ಪಕ್ಕದಲ್ಲಿಟ್ಟು ಓದಬೇಕು.

ಮನೆ ಬಾಗಿಲಿಗೆ ಮತ್ತೆ ಮತ್ತೆ ಬರುವ ಒಬ್ಬ ಮನುಷ್ಯ ಇದ್ದರೆ ಗುಟ್ಟಿನ ಮಾತ್ರೆಯ ಅಗತ್ಯ ಕಡಿಮೆಯಾಗುತ್ತದೆ. ಮೊದಲ ಸಲ ಬಾಗಿಲು ಹಾಕಿಕೊಂಡವನು ನಾಲ್ಕನೇ ಸಲ ಜಗಲಿಯಲ್ಲಿ ಕೂತು ಮಾತಾಡಬಹುದು. ನಿದ್ದೆ ಬರುತ್ತಿಲ್ಲ ಎಂಬ ದೂರಿನಿಂದ ಮಾತು ಶುರುವಾಗಬಹುದು. ಒಪ್ಪಿಗೆ ಪಡೆಯಲು ಸಮಯ ಬೇಕು, ಸಮಯ ಇರುವುದು ಹತ್ತಿರ ಇರುವವರಿಗೆ. ಆಸ್ಪತ್ರೆ ದೂರವಿದ್ದಷ್ಟೂ ಬಲವಂತ ಹೆಚ್ಚುತ್ತದೆ, ಯಾಕೆಂದರೆ ಇರುವ ಒಂದೇ ಪ್ರಯಾಣದಲ್ಲಿ ಎಲ್ಲವನ್ನೂ ಮುಗಿಸಬೇಕು. ತೀರ್ಥಹಳ್ಳಿಯಲ್ಲೂ ಕಷ್ಟಗಳು ಮುಗಿಯಲಿಲ್ಲ. ಇಷ್ಟೆಲ್ಲ ಮಾಡಿಯೂ ಚಿಕಿತ್ಸೆಗೆ ಬಾರದೇ ಉಳಿದವರು ಇದ್ದರು, ಅವರು ಯಾಕೆ ಉಳಿದರು ಎಂಬುದರ ಮೇಲೆ ಅದೇ ತಂಡ ಇನ್ನೊಂದು ಅಧ್ಯಯನ ಪ್ರಕಟಿಸಿತು. ಬಾಗಿಲು ತಟ್ಟುವುದಕ್ಕೂ ಅದರದೇ ನೈತಿಕ ಪ್ರಶ್ನೆ ಇದೆ: ಆಸ್ಪತ್ರೆಯ ಜೀಪು ಯಾವ ಮನೆ ಮುಂದೆ ನಿಂತಿತೆಂದು ಇಡೀ ಊರು ನೋಡುತ್ತದೆ.

ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಿದೆ. 2022ರ ಅಕ್ಟೋಬರ್ 10ರಿಂದ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಇದೆ, ಕನ್ನಡದಲ್ಲೂ ಮಾತಾಡಬಹುದು. ಆದರೆ ಅಷ್ಟೇ ಸಾಲದು, ಬೇರೆ ಔಷಧಿಗಳಿಗೆ ಬಗ್ಗದ ಕಾಯಿಲೆಗೆ ಕೊಡುವ ಕ್ಲೋಜಪಿನ್‌ನ ಉದಾಹರಣೆ ನೋಡಿ. ಬಿಳಿ ರಕ್ತಕಣ ಕುಸಿಯುವ ಅಪಾಯ ಅಪರೂಪವಾದರೂ ಮಾರಕ, ಆದ್ದರಿಂದ ಮೊದಲ 18 ವಾರ ವಾರಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸುವುದು ರೂಢಿ. ಕಾಫಿ ಹೆಚ್ಚು ಕುಡಿದರೆ ಈ ಔಷಧಿಯ ಪ್ರಮಾಣ ರಕ್ತದಲ್ಲಿ ಏರುತ್ತದೆ, ಬೀಡಿ ಸಿಗರೇಟು ಸೇದಿದರೆ ಇಳಿಯುತ್ತದೆ. ತನಗೆ ಏನು ಕೊಡುತ್ತಿದ್ದಾರೆಂದು ಗೊತ್ತಿಲ್ಲದವನಿಗೆ ಇದನ್ನು ಕೊಡುವುದು ಅಸಾಧ್ಯ. ಗೊತ್ತಿದ್ದು ಒಪ್ಪಿದವನಿಗೂ, ಆಷಾಢದ ಮಳೆಯಲ್ಲಿ ದೇವರಮನೆಯ ಕಡೆಯಿಂದ ವಾರವಾರ ಇಳಿದು ಬರಲು ಕೆಲಸ ಬಿಡಬೇಕು, ಬಸ್ಸಿನ ಖರ್ಚು ಹೊಂದಿಸಬೇಕು. ರಕ್ತದ ಮಾದರಿಯನ್ನು ಹತ್ತಿರದ ಉಪಕೇಂದ್ರದಲ್ಲೇ ತೆಗೆದು ಕಳಿಸಿದರೆ ಈ ಒಳ್ಳೆಯ ಔಷಧಿ ಬೆಟ್ಟದ ಮೇಲಿನವರಿಗೂ ಸಿಗುತ್ತದೆ.

ಕಾಯ್ದೆಯ 5ನೇ ಸೆಕ್ಷನ್ ಇನ್ನೊಂದು ದಾರಿ ತೆರೆದಿದೆ, ಬಳಸುವವರು ತೀರ ಕಡಿಮೆ. ಹುಷಾರಾಗಿರುವಾಗ ಯಾವ ವಯಸ್ಕನೂ ಮುಂದೆ ಕಾಯಿಲೆ ಹೆಚ್ಚಾದರೆ ತನ್ನನ್ನು ಹೇಗೆ ನೋಡಿಕೊಳ್ಳಬೇಕು, ಹೇಗೆ ನೋಡಿಕೊಳ್ಳಬಾರದು, ತನ್ನ ಪರವಾಗಿ ಯಾರು ನಿರ್ಧರಿಸಬೇಕು ಎಂದು ಬರೆದಿಡಬಹುದು. ತುರ್ತು ಚಿಕಿತ್ಸೆಯ ಹೊರತು ವೈದ್ಯರು ಅದಕ್ಕೆ ಬದ್ಧರು. ಬೇರೆ ಮಾಡಬೇಕೆನಿಸಿದರೆ ಮಂಡಳಿಯನ್ನು ಕೇಳಬೇಕು. ಮೆಣಸಿನ ತೋಟದ ಆ ಹುಡುಗನಂಥವನೊಬ್ಬ ಚೇತರಿಸಿಕೊಂಡ ಮೇಲೆ ಏನು ಬರೆಸಬಹುದು? ಈ ಮಾತ್ರೆಯಿಂದ ಕೈ ಬಿಗಿಯುತ್ತದೆ, ಬೇರೆ ಕೊಡಿ. ಮಾತ್ರೆ ಒಲ್ಲೆನೆಂದರೆ ಚುಚ್ಚುಮದ್ದು ಕೊಡಿ, ಊಟಕ್ಕೆ ಏನೂ ಬೆರೆಸಬೇಡಿ. ಅಣ್ಣನನ್ನು ಕೇಳಬೇಡಿ, ಸೋದರಮಾವನನ್ನು ಕೇಳಿ. ಬರೆಸಿಕೊಳ್ಳಲು ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಸಾಲಿನಿಂದ ಪಕ್ಕಕ್ಕೆ ಕರೆದು ಅರ್ಧ ಗಂಟೆ ಅವನೊಡನೆ ಕೂರಬಲ್ಲ ಒಬ್ಬ ಕಾರ್ಯಕರ್ತ ಬೇಕು. ಮೂಡಿಗೆರೆಗೊಬ್ಬ, ಕಳಸಕ್ಕೊಬ್ಬ.